ಸ್ತನದ ಸೌಮ್ಯ ಗಂಟು ಮತ್ತು ಕ್ಯಾನ್ಸರಿನ ಅಪಾಯ: ಒಂದು ರೋಗನಾಮದ ಇತಿಹಾಸ

ವೈದ್ಯಶಾಸ್ತ್ರದ ಇತಿಹಾಸವನ್ನು ಸಾಮಾನ್ಯವಾಗಿ ಔಷಧಗಳ, ಶಸ್ತ್ರಚಿಕಿತ್ಸೆಗಳ ಹಾಗೂ ಉಪಕರಣಗಳ ಇತಿಹಾಸವಾಗಿ ಬರೆಯಲಾಗಿದೆ. ರೋಗಗಳಿಗೆ ಇಟ್ಟ ಹೆಸರುಗಳಿಗೂ ಒಂದು ಇತಿಹಾಸವಿದೆ ಎಂಬುದು ಅಷ್ಟಾಗಿ ಗಮನಕ್ಕೆ ಬಂದಿಲ್ಲ. ಹೆಸರು ಸ್ಪಷ್ಟವಾಗಿದ್ದಲ್ಲಿ ಚಿಕಿತ್ಸೆಯ ದಾರಿ ತಿಳಿಯಾಗುತ್ತದೆ. ಹೆಸರು ಮಸುಕಾಗಿದ್ದಲ್ಲಿ ಅದರ ಹೊರೆಯನ್ನು ರೋಗಿಯೇ ಹೊರಬೇಕಾಗುತ್ತದೆ. ಇದಕ್ಕೆ ಸ್ತನದ ಸೌಮ್ಯ, ಅಂದರೆ ಮಾರಕವಲ್ಲದ, ಗಂಟುಗಳ ರೋಗಶಾಸ್ತ್ರಕ್ಕಿಂತ ಉತ್ತಮವಾದ ಉದಾಹರಣೆ ಸಿಗುವುದು ಕಷ್ಟ. ಒಂದು ಶತಮಾನಕ್ಕೂ ಮೀರಿದ ಅವಧಿಯಲ್ಲಿ ‘ದೀರ್ಘಕಾಲಿಕ ಸ್ತನದುರಿತ’, ‘ನೀರುಗುಳ್ಳೆ ರೋಗ’, ‘ಫೈಬ್ರೋಸಿಸ್ಟಿಕ್ ರೋಗ’ ಎಂಬ ಹೆಸರುಗಳ ಅಡಿಯಲ್ಲಿ ಅಸಂಖ್ಯ ಸ್ತ್ರೀಯರಿಗೆ ‘ಇದು ಕ್ಯಾನ್ಸರ್ ಅಲ್ಲ, ಆದರೆ ಕ್ಯಾನ್ಸರಿಗೆ ತಿರುಗಬಹುದು’ ಎಂದು ಹೇಳಲಾಯಿತು. ಅವರಲ್ಲಿ ಬಹುಪಾಲು ಮಂದಿಗೆ ಆ ಮಾತು ಅನ್ವಯಿಸುತ್ತಿರಲಿಲ್ಲ. ಕೆಲವೇ ಮಂದಿಗೆ ಅದು ನಿಜವಾಗಿಯೂ ಅನ್ವಯಿಸುತ್ತಿತ್ತು. ಈ ಎರಡು ಗುಂಪುಗಳನ್ನು ಬೇರ್ಪಡಿಸಿದ ಬಗೆ, ಅದಕ್ಕೆ ಹಿಡಿದ ಕಾಲ ಮತ್ತು ಇಂದಿಗೂ ಉಳಿದಿರುವ ಸಂದೇಹಗಳನ್ನು ಗುರುತಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಹೆಸರಿನ ಹುಟ್ಟು

ಸ್ತನದಲ್ಲಿ ಕಾಣಿಸಿಕೊಳ್ಳುವ ಎಲ್ಲ ಗಂಟುಗಳೂ ಒಂದೇ ಬಗೆಯವಲ್ಲ ಎಂಬ ಅರಿವು ಹಳೆಯದು. ಸುಶ್ರುತ ಸಂಹಿತೆಯ ನಿದಾನಸ್ಥಾನವು ಗ್ರಂಥಿ ಮತ್ತು ಅರ್ಬುದಗಳನ್ನು ಬೇರೆ ಬೇರೆಯಾಗಿ ವಿವರಿಸುತ್ತದೆ. ಇವುಗಳಲ್ಲಿ ಎರಡನೆಯ ಪದವೇ ಕನ್ನಡದಲ್ಲಿ ಕ್ಯಾನ್ಸರಿಗೆ ಪರ್ಯಾಯವಾಗಿ ಬಳಕೆಗೆ ಬಂದಿದೆ. ಆದರೆ ಇಲ್ಲಿ ಚರ್ಚಿಸುವ ಆಧುನಿಕ ರೋಗನಾಮಗಳ ಮೂಲ ಹತ್ತೊಂಬತ್ತನೆಯ ಶತಮಾನದ ಯುರೋಪಿನಲ್ಲಿದೆ.

ಲಂಡನ್ನಿನ ಶಸ್ತ್ರವೈದ್ಯ ಸರ್ ಆಸ್ಟ್ಲಿ ಕೂಪರ್ 1829ರಲ್ಲಿ ಸ್ತನದ ರೋಗಗಳನ್ನು ಕುರಿತ ಸಚಿತ್ರ ಗ್ರಂಥವನ್ನು ಪ್ರಕಟಿಸಿದನು. ದ್ರವ ತುಂಬಿದ ಗುಳ್ಳೆಗಳನ್ನು ಮಾರಕ ಗಂಟುಗಳಿಂದ ಬೇರ್ಪಡಿಸಿ ವರ್ಣಿಸಿದುದು ಆ ಗ್ರಂಥದ ಒಂದು ವೈಶಿಷ್ಟ್ಯ. ಕೂಪರನಿಗೆ ಆಧಾರವಾಗಿದ್ದುದು ಬರಿಗಣ್ಣು, ಬೆರಳಿನ ಸ್ಪರ್ಶ ಮತ್ತು ರೋಗಿಗಳ ಮುಂದಿನ ಬದುಕಿನ ವೀಕ್ಷಣೆ. 1838ರಲ್ಲಿ ಬರ್ಲಿನ್ನಿನ ಯೋಹಾನೆಸ್ ಮುಲ್ಲರನು ಗೆಡ್ಡೆಗಳ ಸೂಕ್ಷ್ಮ ರಚನೆಯನ್ನು ಕುರಿತ ಕೃತಿಯನ್ನು ಹೊರತಂದಾಗ ಸೂಕ್ಷ್ಮದರ್ಶಕವು ಈ ಕ್ಷೇತ್ರವನ್ನು ಪ್ರವೇಶಿಸಿತು. ಸ್ತನದ ಒಂದು ವಿಶಿಷ್ಟ ಗೆಡ್ಡೆಗೆ ಮುಲ್ಲರನು ‘ಸಿಸ್ಟೋಸಾರ್ಕೋಮಾ ಫಿಲ್ಲೋಡಿಸ್’ ಎಂಬ ಹೆಸರನ್ನಿತ್ತನು. ಕತ್ತರಿಸಿದಾಗ ಮಾಂಸದಂತೆ ಕಾಣುತ್ತದೆ ಎಂಬಷ್ಟೇ ಅರ್ಥದಲ್ಲಿ ‘ಸಾರ್ಕೋಮಾ’ ಎಂಬ ಪದವನ್ನು ಆತ ಬಳಸಿದ್ದನು. ಆ ಗೆಡ್ಡೆ ಸೌಮ್ಯವಾದುದೆಂದೇ ಆತನ ಅಭಿಪ್ರಾಯವಾಗಿತ್ತು. ಕಾಲಾನಂತರದಲ್ಲಿ ‘ಸಾರ್ಕೋಮಾ’ ಎಂಬುದು ಮಾರಕ ಗೆಡ್ಡೆಗೆ ಮೀಸಲಾದ ಪದವಾಯಿತು. ಹೆಸರಿನ ಅರ್ಥ ಬದಲಾದುದರಿಂದ ರೋಗದ ಕುರಿತ ಕಲ್ಪನೆಯೂ ಗೊಂದಲಕ್ಕೊಳಗಾಯಿತು. ಸ್ತನರೋಗಗಳ ಇತಿಹಾಸದಲ್ಲಿ ಹೆಸರು ದಾರಿತಪ್ಪಿಸಿದ ಮೊದಲ ಪ್ರಸಂಗಗಳಲ್ಲಿ ಇದೂ ಒಂದು.

ಎರಡೂ ಸ್ತನಗಳಲ್ಲಿ ಹಲವಾರು ನೀರುಗುಳ್ಳೆಗಳು ಏಳುವ ಸ್ಥಿತಿಯನ್ನು ಪ್ಯಾರಿಸ್ಸಿನ ಪಾಲ್ ರೆಕ್ಲೂ 1883ರಲ್ಲಿ ಒಂದು ಪ್ರತ್ಯೇಕ ರೋಗವೆಂದು ವರ್ಣಿಸಿದನು. ಅದರ ಮುಂದಿನ ದಶಕದಲ್ಲಿ ಜರ್ಮನಿಯ ಶಿಮ್ಮೆಲ್‌ಬುಶ್ ಅದನ್ನು ಹೊಸ ಬೆಳವಣಿಗೆಯೆಂದೂ, ಫ್ರಾಂಟ್ಸ್ ಕ್ಯೋನಿಗ್ ಅದನ್ನು ಉರಿಯೂತವೆಂದೂ ಪರಿಗಣಿಸಿದರು. ಕ್ಯೋನಿಗ್ ಕೊಟ್ಟ ಹೆಸರಿನಿಂದಲೇ ‘ದೀರ್ಘಕಾಲಿಕ ನೀರುಗುಳ್ಳೆಯ ಸ್ತನದುರಿತ’ ಎಂಬ ಪದ ರೂಢಿಗೆ ಬಂದಿತು. ಉರಿಯೂತದ ಪಾತ್ರ ಅದರಲ್ಲಿ ಪ್ರಮುಖವಲ್ಲವೆಂದು ತಿಳಿದ ಮೇಲೂ ಆ ಹೆಸರು ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಪಠ್ಯಗಳಲ್ಲಿ ಉಳಿದುಕೊಂಡಿತು. ಇಪ್ಪತ್ತನೆಯ ಶತಮಾನದ ನಡುವಿನಲ್ಲಿ ಅದರ ಸ್ಥಾನವನ್ನು ‘ಫೈಬ್ರೋಸಿಸ್ಟಿಕ್ ರೋಗ’, ಎಂದರೆ ನಾರು ಮತ್ತು ನೀರುಗುಳ್ಳೆಗಳ ರೋಗ, ಎಂಬ ಹೆಸರು ಆಕ್ರಮಿಸಿತು. ನೀರುಗುಳ್ಳೆ, ನಾರಿನ ಅಂಗಾಂಶದ ಹೆಚ್ಚಳ, ಗ್ರಂಥಿಗಳ ಹೆಚ್ಚಳ, ನಾಳಗಳ ಒಳಪದರದ ಕೋಶಗಳ ಹೆಚ್ಚಳ ಇವೆಲ್ಲವೂ ಆ ಒಂದೇ ಹೆಸರಿನೊಳಗೆ ಸೇರಿಕೊಂಡವು. ಮುಂದಿನ ತೊಡಕುಗಳಿಗೆ ಈ ಸೇರ್ಪಡೆಯೇ ಮೂಲವಾಯಿತು.

ಶಸ್ತ್ರ ಮತ್ತು ಭಯ

ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯ ವಿಲಿಯಂ ಹಾಲ್‌ಸ್ಟೆಡ್ 1894ರಲ್ಲಿ 50 ರೋಗಿಗಳ ಅನುಭವವನ್ನು ಪ್ರಕಟಿಸಿದ ಬಳಿಕ ಸ್ತನ, ಎದೆಯ ಸ್ನಾಯು ಮತ್ತು ಕಂಕುಳಿನ ದುಗ್ಧಗ್ರಂಥಿಗಳನ್ನು ಒಟ್ಟಾಗಿ ತೆಗೆಯುವ ಸಮಗ್ರ ಸ್ತನಛೇದನವು ಸ್ತನ ಕ್ಯಾನ್ಸರಿಗೆ ಪ್ರಮಾಣಭೂತ ಚಿಕಿತ್ಸೆಯಾಯಿತು. ಶಸ್ತ್ರಚಿಕಿತ್ಸೆ ಇಷ್ಟು ತೀವ್ರವಾಗಿದ್ದಾಗ ‘ಇದು ಕ್ಯಾನ್ಸರೋ ಅಲ್ಲವೋ’ ಎಂಬ ಪ್ರಶ್ನೆಗೆ ತಪ್ಪು ಉತ್ತರ ಬಂದರೆ ತೆರಬೇಕಾದ ಬೆಲೆ ದೊಡ್ಡದಾಗಿತ್ತು.

ಹಾಲ್‌ಸ್ಟೆಡ್‌ನ ಶಿಷ್ಯ ಜೋಸೆಫ್ ಕೋಲ್ಟ್ ಬ್ಲಡ್‌ಗುಡ್ ಈ ಸಮಸ್ಯೆಯನ್ನು ಮೊದಲಿಗೆ ಕ್ರಮಬದ್ಧವಾಗಿ ಕೈಗೆತ್ತಿಕೊಂಡವರಲ್ಲಿ ಪ್ರಮುಖನು. ಶಸ್ತ್ರಚಿಕಿತ್ಸೆಯ ವೇಳೆ ನೀಲಿಯ ಗುಮ್ಮಟದಂತೆ ಕಾಣುವ ನೀರುಗುಳ್ಳೆಯನ್ನು ಗುರುತಿಸಿ, ಅಂತಹ ಪ್ರಸಂಗಗಳಲ್ಲಿ ಸ್ತನವನ್ನು ತೆಗೆಯುವ ಅಗತ್ಯವಿಲ್ಲವೆಂದು 1921ರ ಲೇಖನದಲ್ಲಿ ಆತ ವಾದಿಸಿದನು. ಕ್ಯಾನ್ಸರೆಂದೂ ಸೌಮ್ಯವೆಂದೂ ನಿರ್ಧರಿಸಲಾಗದ ಗಂಟುಗಳಿಗೆ ‘ಗಡಿರೇಖೆಯ ಗೆಡ್ಡೆಗಳು’ ಎಂಬ ಹೆಸರನ್ನು ಆತನೇ ಪ್ರಚಾರಕ್ಕೆ ತಂದನು. ಇವು ರೋಗಶಾಸ್ತ್ರಜ್ಞರ ನಡುವೆಯೇ ಒಮ್ಮತವಿಲ್ಲದ ಗಂಟುಗಳು ಎಂಬ ಆತನ ನಿರೂಪಣೆ ಮುಂದಿನ ಇತಿಹಾಸದ ದೃಷ್ಟಿಯಿಂದ ಮಹತ್ವದ್ದಾಗಿದೆ.

ಆದರೂ ಭಯವೇ ಹೆಚ್ಚಿನ ಕಡೆ ಮೇಲುಗೈ ಪಡೆಯಿತು. ಇಪ್ಪತ್ತನೆಯ ಶತಮಾನದ ಬಹುಭಾಗದಲ್ಲಿ ಅಮೆರಿಕದ ಸ್ತ್ರೀಯೊಬ್ಬಳು ಗಂಟಿನ ಪರೀಕ್ಷೆಗೆಂದು ಅರಿವಳಿಕೆಗೆ ಒಳಗಾದರೆ, ಎಚ್ಚರಗೊಳ್ಳುವಾಗ ತನ್ನ ಸ್ತನ ಉಳಿದಿರುತ್ತದೆಯೋ ಇಲ್ಲವೋ ಎಂಬುದು ಆಕೆಗೆ ಮುಂಚಿತವಾಗಿ ತಿಳಿಯುತ್ತಿರಲಿಲ್ಲ. ಗಂಟಿನ ತುಣುಕನ್ನು ಹೆಪ್ಪುಗಟ್ಟಿಸಿ, ತೆಳುವಾಗಿ ಕತ್ತರಿಸಿ, ಕೆಲವೇ ನಿಮಿಷಗಳಲ್ಲಿ ಪರೀಕ್ಷಿಸಿ, ಅದೇ ಮೇಜಿನ ಮೇಲೆ ಶಸ್ತ್ರಚಿಕಿತ್ಸೆಯನ್ನು ಮುಂದುವರಿಸುವುದು ಪದ್ಧತಿಯಾಗಿತ್ತು. ಪರೀಕ್ಷೆ ಮತ್ತು ಚಿಕಿತ್ಸೆಗಳನ್ನು ಎರಡು ಪ್ರತ್ಯೇಕ ಹಂತಗಳಾಗಿ ನಡೆಸಬೇಕೆಂಬ ಒತ್ತಾಯಕ್ಕೆ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಸಮ್ಮತಿ ಸಭೆಯ ಬೆಂಬಲ ದೊರೆತುದು 1979ರಲ್ಲಿ. ಪತ್ರಕರ್ತೆ ರೋಸ್ ಕುಶ್ನರ್ ಈ ಬದಲಾವಣೆಗಾಗಿ ಹೋರಾಡಿದವರಲ್ಲಿ ಪ್ರಮುಖರು. ಇತ್ತ, ಕ್ಯಾನ್ಸರ್ ಇಲ್ಲವೆಂದು ಖಚಿತವಾದ ಬಳಿಕವೂ ‘ಫೈಬ್ರೋಸಿಸ್ಟಿಕ್ ರೋಗ’ ಎಂಬ ವರದಿಯೊಂದರ ಆಧಾರದಿಂದಲೇ ಮುಂಜಾಗ್ರತೆಯ ಹೆಸರಿನಲ್ಲಿ ಸ್ತನದ ಅಂಗಾಂಶವನ್ನು ತೆಗೆದ ಪ್ರಸಂಗಗಳೂ ಆ ಕಾಲದಲ್ಲಿ ಇದ್ದವು.

ಪ್ರಶ್ನೆಯ ಕಠಿಣತೆ

ಸೌಮ್ಯ ಗಂಟಿಗೂ ಕ್ಯಾನ್ಸರಿಗೂ ಸಂಬಂಧವಿದೆಯೇ ಎಂಬ ಪ್ರಶ್ನೆಗೆ ಸಂಶೋಧಕರು ಮೂರು ಮಾರ್ಗಗಳಿಂದ ಉತ್ತರ ಹುಡುಕಿದರು. ಮೊದಲನೆಯದು ಸಹಭಾವದ ಮಾರ್ಗ. ಕ್ಯಾನ್ಸರಿಗಾಗಿ ತೆಗೆದ ಸ್ತನಗಳಲ್ಲಿ ಸೌಮ್ಯ ಬದಲಾವಣೆಗಳು ಎಷ್ಟು ಬಾರಿ ಜೊತೆಗಿವೆ ಎಂದು ಎಣಿಸುವುದು ಇದರ ಕ್ರಮ. ನ್ಯೂಯಾರ್ಕಿನ ಮೆಮೋರಿಯಲ್ ಆಸ್ಪತ್ರೆಯ ಫ್ರಾಂಕ್ ಫೂಟ್ ಮತ್ತು ಫ್ರೆಡ್ ಸ್ಟುವರ್ಟ್ 1945ರಲ್ಲಿ ಕ್ಯಾನ್ಸರ್ ಇರುವ ಮತ್ತು ಇಲ್ಲದ ಸ್ತನಗಳನ್ನು ಹೋಲಿಸಿ ನಡೆಸಿದ ಅಧ್ಯಯನ ಈ ಮಾರ್ಗದ ಗಣ್ಯ ಉದಾಹರಣೆ. ಆದರೆ ಜೊತೆಗಿರುವುದೆಲ್ಲ ಕಾರಣವಾಗಿರಬೇಕಾಗಿಲ್ಲ. ವರ್ಜೀನಿಯಾ ಫ್ರಾಂಟ್ಸ್ ಮತ್ತು ಸಹೋದ್ಯೋಗಿಗಳು 1951ರಲ್ಲಿ, ಬದುಕಿದ್ದಾಗ ಸ್ತನರೋಗದ ಲಕ್ಷಣಗಳಿಲ್ಲದ 225 ಸ್ತ್ರೀಯರ ಮರಣೋತ್ತರ ಪರೀಕ್ಷೆಗಳ ಫಲಿತಾಂಶವನ್ನು ಪ್ರಕಟಿಸಿದರು. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಯಲ್ಲಿ ನೀರುಗುಳ್ಳೆಯಂತಹ ಬದಲಾವಣೆಗಳು ಇದ್ದವು. ಅರ್ಧಕ್ಕೂ ಹೆಚ್ಚು ಸ್ತ್ರೀಯರಲ್ಲಿ ಇರುವ ಸ್ಥಿತಿಯನ್ನು ರೋಗವೆಂದು ಕರೆಯುವುದು ಹೇಗೆ ಎಂಬ ಪ್ರಶ್ನೆ ಅಲ್ಲಿಂದಲೇ ಹುಟ್ಟಬೇಕಾಗಿತ್ತು.

ಎರಡನೆಯದು ಪೂರ್ವವೃತ್ತಾಂತದ ಮಾರ್ಗ. ಕ್ಯಾನ್ಸರ್ ಬಂದವರನ್ನು ‘ಹಿಂದೆ ಗಂಟು ಇತ್ತೇ’ ಎಂದು ವಿಚಾರಿಸುವುದು ಇದರ ರೀತಿ. ರೋಗ ಬಂದ ಮೇಲೆ ಹಿಂದಿನದು ಹೆಚ್ಚು ನೆನಪಾಗುವುದು ಮನುಷ್ಯಸ್ವಭಾವವಾದುದರಿಂದ ಈ ಸಾಕ್ಷ್ಯಕ್ಕೆ ಮಿತಿಯಿತ್ತು.

ಮೂರನೆಯದು ಅನುಸರಣೆಯ ಮಾರ್ಗ. ಸೌಮ್ಯವೆಂದು ವರದಿಯಾದ ಸ್ತ್ರೀಯರನ್ನು ವರ್ಷಗಟ್ಟಲೆ ಹಿಂಬಾಲಿಸಿ ಎಷ್ಟು ಮಂದಿಗೆ ಕ್ಯಾನ್ಸರ್ ಬಂದಿತೆಂದು ಕಾಣುವುದು ಇದರ ಕ್ರಮ. ಬೋಸ್ಟನ್ನಿನ ಶೀಲ್ಡ್ ವಾರೆನ್ 1940ರಲ್ಲಿ ಪ್ರಕಟಿಸಿದ ಅಧ್ಯಯನ ಈ ಬಗೆಯದು. ‘ದೀರ್ಘಕಾಲಿಕ ಸ್ತನದುರಿತ’ ಇದ್ದವರಲ್ಲಿ ಕ್ಯಾನ್ಸರಿನ ಸಂಭವ ನಿರೀಕ್ಷೆಗಿಂತ ಹಲವು ಪಟ್ಟು ಹೆಚ್ಚೆಂಬುದು ಅದರ ತೀರ್ಮಾನ. ಅನಂತರ ಬಂದ ಅಧ್ಯಯನಗಳು ಪರಸ್ಪರ ವಿರುದ್ಧವಾದ ಸಂಖ್ಯೆಗಳನ್ನು ನೀಡಿದವು. ಇದಕ್ಕೆ ಕಾರಣ ಸರಳವಾದುದು: ಒಂದೇ ಹೆಸರಿನ ಕೆಳಗೆ ಒಬ್ಬೊಬ್ಬರು ಒಂದೊಂದು ವಸ್ತುವನ್ನು ಎಣಿಸುತ್ತಿದ್ದರು. ಸಮೂಹದೊಳಗಿನ ಅಪಾಯಕಾರಿ ಅಲ್ಪಾಂಶವು ನಿರಪಾಯಕಾರಿ ಬಹ್ವಂಶದೊಡನೆ ಬೆರೆತು, ಎಲ್ಲರಿಗೂ ಒಂದು ಸರಾಸರಿ ಭಯವನ್ನು ಹಂಚುತ್ತಿತ್ತು.

ಸೂಕ್ಷ್ಮದರ್ಶಕದ ಅಡಿಯ ಭೇದ

ಈ ಗೊಂದಲವನ್ನು ಬಿಡಿಸಲು ಸ್ತನದ ಸೂಕ್ಷ್ಮ ರಚನೆಯ ಕಡೆಗೆ ಮರಳಬೇಕಾಯಿತು. ಹಾಲು ಸ್ರವಿಸುವ ಕಿರುಚೀಲಗಳ ಗೊಂಚಲು ಮತ್ತು ಅದಕ್ಕೆ ಸೇರಿದ ಅಂತ್ಯನಾಳ ಕೂಡಿ ಒಂದು ಘಟಕವಾಗುತ್ತದೆ. ವೆಲಿಂಗ್ಸ್, ಜೆನ್ಸೆನ್ ಮತ್ತು ಮಾರ್ಕಮ್ 1975ರಲ್ಲಿ ಪ್ರಕಟಿಸಿದ ಸೂಕ್ಷ್ಮರಚನೆಯ ನಕ್ಷಾಗ್ರಂಥವು, ಸೌಮ್ಯ ಬದಲಾವಣೆಗಳಲ್ಲಿ ಹಾಗೂ ಕ್ಯಾನ್ಸರುಗಳಲ್ಲಿ ಬಹುಪಾಲು ಈ ಅಂತ್ಯಘಟಕದಲ್ಲೇ ಮೂಡುತ್ತವೆಂಬುದನ್ನು ತೋರಿಸಿಕೊಟ್ಟಿತು.

ಸಹಜ ಸ್ಥಿತಿಯಲ್ಲಿ ನಾಳದ ಗೋಡೆಗೆ ಎರಡೇ ಪದರಗಳ ಕೋಶಗಳಿರುತ್ತವೆ: ಒಳಗೆ ಸ್ರಾವಕ ಕೋಶಗಳ ಪದರ, ಹೊರಗೆ ಸಂಕೋಚಿಸುವ ಶಕ್ತಿಯುಳ್ಳ ಕೋಶಗಳ ಪದರ. ಒಳಪದರದ ಕೋಶಗಳ ಸಂಖ್ಯೆ ಹೆಚ್ಚಿ ನಾಳದ ಒಳಜಾಗ ತುಂಬತೊಡಗಿದರೆ ಅದು ಕೋಶವೃದ್ಧಿ. ಸಾಧಾರಣ ಕೋಶವೃದ್ಧಿಯಲ್ಲಿ ಕೋಶಗಳು ಒಂದರಂತೆ ಒಂದಿರುವುದಿಲ್ಲ. ಗಾತ್ರ ಮತ್ತು ಆಕಾರಗಳಲ್ಲಿ ವ್ಯತ್ಯಾಸವಿರುತ್ತದೆ, ಹೊಳೆಯ ಹರಿವಿನಂತೆ ಒಂದೇ ದಿಕ್ಕಿಗೆ ಓರೆಯಾಗಿ ಸಾಗುತ್ತವೆ, ನಡುವೆ ಉಳಿಯುವ ಸಂದುಗಳು ಸೀಳಿನಂತೆ ವಕ್ರವಾಗಿರುತ್ತವೆ. ಅಸಹಜ ಕೋಶವೃದ್ಧಿಯಲ್ಲಿ ಚಿತ್ರ ಬೇರೆ. ಕೋಶಗಳು ಅಚ್ಚಿನಲ್ಲಿ ಎರಕ ಹೊಯ್ದಂತೆ ಏಕರೂಪವಾಗಿ, ಸಮಾನ ಅಂತರದಲ್ಲಿ ನಿಂತಿರುತ್ತವೆ. ನಾಳದ ಒಂದು ಬದಿಯಿಂದ ಇನ್ನೊಂದು ಬದಿಗೆ ಬಿಗಿಯಾದ ಸೇತುವೆಗಳು ಏರ್ಪಡುತ್ತವೆ. ಒಳಜಾಗಗಳು ಉಳಿಯಿಂದ ಕೊರೆದಂತೆ ದುಂಡಗಿರುತ್ತವೆ. ಸಾಮಾನ್ಯ ನೋಟಕ್ಕೆ ಅವ್ಯವಸ್ಥೆಯೇ ಅಪಾಯದ ಲಕ್ಷಣವೆನಿಸಬಹುದು. ಇಲ್ಲಿ ಮಾತ್ರ ಅತಿಯಾದ ವ್ಯವಸ್ಥೆಯೇ ಎಚ್ಚರಿಕೆಯ ಗುರುತು. ಏಕೆಂದರೆ ಏಕರೂಪತೆಯು ಒಂದೇ ಮೂಲಕೋಶದ ಸಂತತಿ ಬೆಳೆಯುತ್ತಿರುವ ಸೂಚನೆಯಾಗಿರುತ್ತದೆ.

ಇದೇ ಚಿತ್ರ ಇನ್ನೂ ವಿಸ್ತಾರವಾಗಿದ್ದರೆ ಅದನ್ನು ನಾಳದೊಳಗಿನ ಸ್ಥಾನಿಕ ಕ್ಯಾನ್ಸರ್ ಎಂದು ಕರೆಯಲಾಗುತ್ತದೆ. ಗೆರೆ ಎಲ್ಲಿ ಎಂಬುದಕ್ಕೆ ಡೇವಿಡ್ ಪೇಜ್ ಎರಡು ನಾಳಗಳು ಪೂರ್ಣವಾಗಿ ತುಂಬಿರಬೇಕೆಂಬ ಅಳತೆಯನ್ನು ಇಟ್ಟರೆ, ಫತ್ತಾನೆ ತವಸ್ಸೋಲಿ ಮತ್ತು ಹೆನ್ರಿ ನಾರಿಸ್ 1990ರಲ್ಲಿ ಎರಡು ಮಿಲಿಮೀಟರುಗಳ ಅಳತೆಯನ್ನು ಸೂಚಿಸಿದರು. ಗೊಂಚಲಿನ ಕೋಶವೃದ್ಧಿಗೂ ಇಂತಹುದೇ ಮಿತಿಯಿದೆ. ಗೊಂಚಲಿನ ಅರ್ಧಕ್ಕಿಂತ ಕಡಿಮೆ ಕಿರುಚೀಲಗಳು ತುಂಬಿ ಹಿಗ್ಗಿದ್ದರೆ ಅಸಹಜ ಕೋಶವೃದ್ಧಿ, ಅದಕ್ಕೂ ಮೀರಿದರೆ ಗೊಂಚಲಿನ ಸ್ಥಾನಿಕ ಕ್ಯಾನ್ಸರ್. ಪ್ರಕೃತಿಯಲ್ಲಿ ನಿರಂತರವಾಗಿರುವ ಒಂದು ಶ್ರೇಣಿಯನ್ನು ಮನುಷ್ಯ ಹಾಕಿದ ಗೆರೆಗಳು ಭಾಗ ಮಾಡಿವೆ ಎಂಬುದನ್ನು ಇಲ್ಲಿ ಗಮನಿಸಬೇಕು.

ನ್ಯಾಶ್‌ವಿಲ್ಲಿನ ಅಧ್ಯಯನ

ಭೇದವನ್ನು ವರ್ಣಿಸಿದರೆ ಸಾಲದು. ಅದಕ್ಕೆ ರೋಗಿಯ ಭವಿಷ್ಯದೊಡನೆ ಸಂಬಂಧವಿದೆಯೆಂದು ತೋರಿಸಬೇಕು. ಈ ಕೆಲಸವನ್ನು ಅಮೆರಿಕದ ಟೆನೆಸ್ಸಿ ರಾಜ್ಯದ ನ್ಯಾಶ್‌ವಿಲ್ಲಿನಲ್ಲಿ ವಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದ ರೋಗಶಾಸ್ತ್ರಜ್ಞ ಡೇವಿಡ್ ಪೇಜ್ ಮತ್ತು ಸಂಖ್ಯಾಶಾಸ್ತ್ರಜ್ಞ ವಿಲಿಯಂ ಡೂಪಾಂಟ್ ನೆರವೇರಿಸಿದರು. ನಗರದ ಮೂರು ಆಸ್ಪತ್ರೆಗಳಲ್ಲಿ 1950ರಿಂದ 1968ರವರೆಗೆ ನಡೆದ 10,366 ಸೌಮ್ಯ ಬಯಾಪ್ಸಿಗಳ ಗಾಜಿನ ಪಟ್ಟಿಗಳು ಸುರಕ್ಷಿತವಾಗಿ ಉಳಿದಿದ್ದವು. ಆ ಪಟ್ಟಿಗಳನ್ನು ಹೊಸ ಮಾನದಂಡಗಳ ಪ್ರಕಾರ ಮತ್ತೆ ಓದಲಾಯಿತು. ಬಳಿಕ 3,303 ಸ್ತ್ರೀಯರ ಮುಂದಿನ ಬದುಕನ್ನು ಪತ್ತೆಹಚ್ಚಲಾಯಿತು. ಅನುಸರಣೆಯ ಮಧ್ಯಾಂಕ ಅವಧಿ 17 ವರ್ಷ.

1985ರಲ್ಲಿ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ ಪತ್ರಿಕೆಯಲ್ಲಿ ಪ್ರಕಟವಾದ ಫಲಿತಾಂಶವು ಹಳೆಯ ಹೆಸರನ್ನು ಒಡೆದು ಮೂರು ಭಾಗ ಮಾಡಿತು. ಸೌಮ್ಯ ಕಾರಣಕ್ಕೆ ಬಯಾಪ್ಸಿಗೆ ಒಳಗಾದ ಸ್ತ್ರೀಯರಲ್ಲಿ ಶೇ. 70ರಷ್ಟು ಮಂದಿಗೆ ಕೋಶವೃದ್ಧಿಯೇ ಇರಲಿಲ್ಲ; ಅವರಿಗೆ ಕ್ಯಾನ್ಸರಿನ ಅಪಾಯ ಹೆಚ್ಚಿರಲಿಲ್ಲ. ಅಸಹಜತೆಯಿಲ್ಲದ ಕೋಶವೃದ್ಧಿ ಇದ್ದವರ ಅಪಾಯ ಇವರಿಗಿಂತ ಸುಮಾರು ಎರಡು ಪಟ್ಟು. ಶೇ. 4ರಷ್ಟಿದ್ದ ಅಸಹಜ ಕೋಶವೃದ್ಧಿಯ ಗುಂಪಿಗೆ ಮಾತ್ರ ಅಪಾಯ 5.3 ಪಟ್ಟು. ತಾಯಿ, ಸೋದರಿ ಮುಂತಾದ ಹತ್ತಿರದ ರಕ್ತಸಂಬಂಧಿಗಳಲ್ಲಿ ಸ್ತನ ಕ್ಯಾನ್ಸರ್ ಇದ್ದು, ಜೊತೆಗೆ ಅಸಹಜ ಕೋಶವೃದ್ಧಿಯೂ ಇದ್ದವರ ಅಪಾಯ, ಇವೆರಡೂ ಇಲ್ಲದವರ ಅಪಾಯದ 11 ಪಟ್ಟಾಗಿತ್ತು. ಕೋಶವೃದ್ಧಿಯಿಲ್ಲದವರಲ್ಲಿ ಕೌಟುಂಬಿಕ ಚರಿತ್ರೆಯ ಪರಿಣಾಮ ಅಲ್ಪವಾಗಿತ್ತು.

ಈ ಅಧ್ಯಯನದ ಹಿರಿಮೆ ಅದರ ಸಂಖ್ಯೆಗಳಷ್ಟಕ್ಕೇ ಸೀಮಿತವಲ್ಲ. ಹಿಂದಿನ ಕಾಲದ ಯಾರೋ ಸಿಬ್ಬಂದಿ ಪ್ರತಿಯೊಂದು ಅಂಗಾಂಶದ ಪಟ್ಟಿಗೂ ಸಂಖ್ಯೆ ಬರೆದು, ನಿರುಪಯುಕ್ತವೆಂದು ಎಸೆಯದೆ, ದಶಕಗಳ ಕಾಲ ಕಪಾಟುಗಳಲ್ಲಿ ಕಾಯ್ದಿಟ್ಟುದರಿಂದಲೇ ಅದು ಸಾಧ್ಯವಾಯಿತು. ‘ಸೌಮ್ಯ’ ಎಂದು ಮುಗಿದುಹೋದ ವರದಿಗಳು ಇಪ್ಪತ್ತು-ಮೂವತ್ತು ವರ್ಷಗಳ ನಂತರ ಸಾಕ್ಷಿ ನುಡಿದವು. ಪತ್ರಾಗಾರದ ಕಡತಗಳಿಗೆ ಇತಿಹಾಸಕಾರನು ಕೊಡುವ ಬೆಲೆಯೇ ಆಸ್ಪತ್ರೆಯ ಪಟ್ಟಿಗಳಿಗೂ ಸಲ್ಲುತ್ತದೆ ಎಂಬುದಕ್ಕೆ ಇದು ನಿದರ್ಶನ.

ಹೆಸರಿನ ಪದಚ್ಯುತಿ

ನ್ಯಾಶ್‌ವಿಲ್ಲಿನ ಫಲಿತಾಂಶಕ್ಕೆ ಮೂರು ವರ್ಷ ಮೊದಲೇ ಹೆಸರಿನ ವಿರುದ್ಧ ದನಿ ಎದ್ದಿತ್ತು. ಶಸ್ತ್ರವೈದ್ಯೆ ಸೂಸನ್ ಲವ್, ರೆಬೆಕಾ ಗೆಲ್ಮನ್ ಮತ್ತು ವಿಲಿಯಂ ಸೈಲೆನ್ 1982ರಲ್ಲಿ ಅದೇ ಪತ್ರಿಕೆಯಲ್ಲಿ ಬರೆದ ಲೇಖನವು ಫೈಬ್ರೋಸಿಸ್ಟಿಕ್ ರೋಗ ಒಂದು ರೋಗವೇ ಅಲ್ಲವೇನೋ ಎಂಬ ಪ್ರಶ್ನೆಯನ್ನು ಶೀರ್ಷಿಕೆಯಲ್ಲೇ ಎತ್ತಿತು. ವೈದ್ಯನ ಬೆರಳಿಗೆ ಗಂಟುಗಂಟಾಗಿ ತೋರುವುದು, ಸೂಕ್ಷ್ಮದರ್ಶಕದಲ್ಲಿ ಕಾಣುವುದು ಮತ್ತು ಕ್ಯಾನ್ಸರಿನ ಅಪಾಯ ಈ ಮೂರೂ ಪರಸ್ಪರ ಹೊಂದಿಕೆಯಾಗದ ಸಂಗತಿಗಳೆಂದೂ, ಅವನ್ನು ಒಂದೇ ಹೆಸರಿನಿಂದ ಬಂಧಿಸಬಾರದೆಂದೂ ಅವರು ವಾದಿಸಿದರು.

1985ರ ಅಕ್ಟೋಬರಿನಲ್ಲಿ ಅಮೆರಿಕದ ರೋಗಶಾಸ್ತ್ರಜ್ಞರ ಕಾಲೇಜು ನ್ಯೂಯಾರ್ಕಿನಲ್ಲಿ ಕರೆದ ಸಮ್ಮತಿ ಸಭೆ ಈ ವಾದವನ್ನು ಬಹುಮಟ್ಟಿಗೆ ಒಪ್ಪಿತು. 1986ರಲ್ಲಿ ಪ್ರಕಟವಾದ ಅದರ ಹೇಳಿಕೆಯು ಸೌಮ್ಯ ಬದಲಾವಣೆಗಳನ್ನು ಅಪಾಯದ ಪ್ರಮಾಣಕ್ಕನುಸಾರವಾಗಿ ವಿಂಗಡಿಸಿತು. ನೀರುಗುಳ್ಳೆ, ನಾರುಗಟ್ಟುವಿಕೆ, ನಾಳಗಳ ಹಿಗ್ಗುವಿಕೆ, ಅಲ್ಪ ಪ್ರಮಾಣದ ಕೋಶವೃದ್ಧಿ ಇವು ಅಪಾಯವನ್ನು ಹೆಚ್ಚಿಸದ ಗುಂಪಿಗೆ ಸೇರಿದವು. ಮಧ್ಯಮ ಹಾಗೂ ಅಧಿಕ ಪ್ರಮಾಣದ ಸಾಧಾರಣ ಕೋಶವೃದ್ಧಿ ಒಂದೂವರೆಯಿಂದ ಎರಡು ಪಟ್ಟಿನ ಗುಂಪಿಗೆ ಸೇರಿತು. ಅಸಹಜ ಕೋಶವೃದ್ಧಿ ಐದು ಪಟ್ಟಿನ ಗುಂಪಿಗೆ ಸೇರಿತು. ‘ಫೈಬ್ರೋಸಿಸ್ಟಿಕ್ ರೋಗ’ ಎಂಬ ಪದದ ಬದಲು ‘ಬದಲಾವಣೆ’ ಅಥವಾ ‘ಸ್ಥಿತಿ’ ಎಂಬ ಪದಗಳನ್ನು ಬಳಸುವುದು, ವರದಿಯಲ್ಲಿ ಕಂಡ ಅಂಶವನ್ನು ನಿರ್ದಿಷ್ಟವಾಗಿ ಹೆಸರಿಸುವುದು ಉಚಿತವೆಂದು ಅದು ಸೂಚಿಸಿತು. ‘ರೋಗ’ ಎಂಬ ಒಂದು ಪದ ತೊಲಗಿದುದು ವ್ಯಾಕರಣದ ತಿದ್ದುಪಡಿಯಂತೆ ಕಂಡರೂ, ರೋಗಿಯ ಪಟ್ಟಿಯಿಂದ ಅಸಂಖ್ಯ ಆರೋಗ್ಯವಂತ ಸ್ತ್ರೀಯರ ಬಿಡುಗಡೆ ಅದರ ಫಲವಾಗಿತ್ತು.

ಅಮೆರಿಕದ ತಪಾಸಣಾ ಯೋಜನೆಯೊಂದರ ಸ್ತ್ರೀಯರನ್ನು ಕುರಿತ 1988ರ ಅಧ್ಯಯನ ಮತ್ತು ದಾದಿಯರ ಆರೋಗ್ಯ ಅಧ್ಯಯನದ 1992ರ ವರದಿ ಈ ಶ್ರೇಣಿಯನ್ನು ಸಮರ್ಥಿಸಿದವು. ಮೇಯೊ ಕ್ಲಿನಿಕ್ಕಿನ ಲಿನ್ ಹಾರ್ಟ್‌ಮನ್ ಮತ್ತು ಸಂಗಡಿಗರು 2005ರಲ್ಲಿ 9,087 ಸ್ತ್ರೀಯರ ಅನುಸರಣೆಯನ್ನು ಪ್ರಕಟಿಸಿದಾಗ, ಅಸಹಜ ಕೋಶವೃದ್ಧಿಯ ಅಪಾಯ 4.24 ಪಟ್ಟು ಎಂದೂ, ಅಸಹಜತೆಯಿಲ್ಲದ ಕೋಶವೃದ್ಧಿಯ ಅಪಾಯ 1.88 ಪಟ್ಟು ಎಂದೂ ತಿಳಿದುಬಂದಿತು. ಕೌಟುಂಬಿಕ ಚರಿತ್ರೆಯು ಅಸಹಜ ಕೋಶವೃದ್ಧಿಯ ಅಪಾಯವನ್ನು ಮತ್ತಷ್ಟು ಏರಿಸುತ್ತದೆ ಎಂಬ ನ್ಯಾಶ್‌ವಿಲ್ಲಿನ ತೀರ್ಮಾನಕ್ಕೆ ಮಾತ್ರ ಇಲ್ಲಿ ಬೆಂಬಲ ದೊರೆಯಲಿಲ್ಲ.

ಒಮ್ಮತದ ಕೊರತೆ

ವರ್ಗೀಕರಣ ಎಷ್ಟೇ ಉತ್ತಮವಾಗಿರಲಿ, ಅದನ್ನು ಬಳಸುವ ಕಣ್ಣುಗಳು ಒಂದೇ ರೀತಿ ನೋಡದಿದ್ದರೆ ಅದರ ಪ್ರಯೋಜನ ಕುಂದುತ್ತದೆ. 1991ರಲ್ಲಿ ವುವಾನ್ ರೊಸಾಯ್ ಎಂಬ ಖ್ಯಾತ ರೋಗಶಾಸ್ತ್ರಜ್ಞನು ಗಡಿರೇಖೆಯ 17 ಪ್ರಸಂಗಗಳನ್ನು ಐವರು ತಜ್ಞರಿಗೆ ತೋರಿಸಿದನು. ಒಂದೇ ಒಂದು ಪ್ರಸಂಗದಲ್ಲಿಯೂ ಐವರೂ ಒಂದೇ ತೀರ್ಮಾನಕ್ಕೆ ಬರಲಿಲ್ಲ. ಮರುವರ್ಷ ಸ್ಟುವರ್ಟ್ ಶ್ನಿಟ್ ಮತ್ತು ಸಹೋದ್ಯೋಗಿಗಳು ಪೇಜ್‌ನ ಮಾನದಂಡಗಳನ್ನು ಮುಂಚಿತವಾಗಿ ವಿವರಿಸಿ, ಆರು ಮಂದಿ ತಜ್ಞರಿಗೆ 24 ಪ್ರಸಂಗಗಳನ್ನು ಕೊಟ್ಟರು. ಈ ಬಾರಿ ಶೇ. 58ರಷ್ಟು ಪ್ರಸಂಗಗಳಲ್ಲಿ ಪೂರ್ಣ ಒಮ್ಮತ ಮೂಡಿತು. ಸಮಾನ ಮಾನದಂಡದಿಂದ ಸುಧಾರಣೆ ಸಾಧ್ಯ, ಆದರೆ ಸಂಶಯ ನಿರ್ಮೂಲವಾಗದು ಎಂಬುದು ಇವೆರಡರಿಂದ ಸ್ಪಷ್ಟವಾಯಿತು.

2015ರಲ್ಲಿ ಜೋಆನ್ ಎಲ್ಮೋರ್ ಮತ್ತು ಸಂಗಡಿಗರು ಅಮೆರಿಕದ 115 ವೃತ್ತಿನಿರತ ರೋಗಶಾಸ್ತ್ರಜ್ಞರ ತೀರ್ಮಾನಗಳನ್ನು ತಜ್ಞಮಂಡಲಿಯೊಂದರ ತೀರ್ಮಾನದೊಡನೆ ಹೋಲಿಸಿದರು. ಒಟ್ಟಾರೆ ಹೊಂದಿಕೆ ಶೇ. 75ರಷ್ಟಿದ್ದರೂ ಅಸಹಜ ಕೋಶವೃದ್ಧಿಯ ವಿಷಯದಲ್ಲಿ ಅದು ಶೇ. 48ಕ್ಕೆ ಇಳಿಯಿತು. ಬ್ಲಡ್‌ಗುಡ್ ಗುರುತಿಸಿದ್ದ ಗಡಿರೇಖೆಯ ಸಮಸ್ಯೆ ಸುಮಾರು ಒಂದು ಶತಮಾನದ ನಂತರವೂ ಅದೇ ಸ್ಥಳದಲ್ಲಿ ನಿಂತಿತ್ತು. ಎರಡನೆಯ ತಜ್ಞನ ಅಭಿಪ್ರಾಯ ಪಡೆಯುವುದು ಇಂತಹ ಪ್ರಸಂಗಗಳಲ್ಲಿ ವಿವೇಕದ ಮಾರ್ಗವಾಗಿದೆ.

ಸೂಚಕವೋ ಪೂರ್ವಾವಸ್ಥೆಯೋ

ಅಸಹಜ ಕೋಶವೃದ್ಧಿ ಇದ್ದ ಸ್ಥಳದಲ್ಲಿಯೇ ಕ್ಯಾನ್ಸರ್ ಬೆಳೆಯುವುದಾದರೆ ಅದನ್ನು ಪೂರ್ವಾವಸ್ಥೆಯೆನ್ನಬಹುದು. ಎರಡೂ ಸ್ತನಗಳಲ್ಲಿ ಎಲ್ಲಿಯಾದರೂ ಬೆಳೆಯುವುದಾದರೆ ಅದು ಒಟ್ಟು ಅಂಗಾಂಶದ ಒಲವನ್ನು ತಿಳಿಸುವ ಸೂಚಕ ಮಾತ್ರ. ಅನುಸರಣೆಯ ಅಧ್ಯಯನಗಳ ಸಾಕ್ಷ್ಯ ಎರಡನ್ನೂ ಸ್ವಲ್ಪಸ್ವಲ್ಪ ಸಮರ್ಥಿಸುತ್ತದೆ: ಅದೇ ಬದಿಯಲ್ಲಿ ಹೆಚ್ಚು, ಆದರೆ ಇನ್ನೊಂದು ಬದಿಯಲ್ಲಿಯೂ ಗಮನಾರ್ಹ. ಅಸಹಜ ಕೋಶಗಳಲ್ಲಿಯೂ ಪಕ್ಕದ ಕ್ಯಾನ್ಸರಿನಲ್ಲಿಯೂ ಒಂದೇ ಬಗೆಯ ವಂಶವಾಹಿ ನಷ್ಟಗಳು ಕಂಡುಬಂದುದನ್ನು 1990ರ ದಶಕದ ಆಣ್ವಿಕ ಅಧ್ಯಯನಗಳು ವರದಿ ಮಾಡಿದವು. ಕೆಲವು ಪ್ರಸಂಗಗಳಲ್ಲಾದರೂ ಇದು ಪೂರ್ವಾವಸ್ಥೆಯೆಂಬ ವಾದಕ್ಕೆ ಅದರಿಂದ ಬಲ ಬಂದಿತು.

ಇದೇ ಪ್ರಶ್ನೆ ಗೊಂಚಲಿನ ಸ್ಥಾನಿಕ ಕ್ಯಾನ್ಸರಿನ ಚರಿತ್ರೆಯಲ್ಲಿ ಇನ್ನೂ ನಾಟಕೀಯವಾಗಿ ಕಾಣಿಸಿಕೊಂಡಿತು. 1941ರಲ್ಲಿ ಫೂಟ್ ಮತ್ತು ಸ್ಟುವರ್ಟ್ ಅದನ್ನು ಕ್ಯಾನ್ಸರಿನ ಒಂದು ವಿರಳ ರೂಪವೆಂದು ಹೆಸರಿಸಿದರು. ಅದಕ್ಕೆ ಅನುಗುಣವಾಗಿ ಸ್ತನಛೇದನವೇ ಚಿಕಿತ್ಸೆಯಾಯಿತು. 1978ರಲ್ಲಿ ಕಶ್‌ಮನ್ ಹಾಗೆನ್ಸೆನ್ ದೀರ್ಘ ಅನುಸರಣೆಯ ಆಧಾರದಿಂದ ‘ಕ್ಯಾನ್ಸರ್’ ಎಂಬ ಪದವನ್ನು ಕೈಬಿಟ್ಟು ‘ಗೊಂಚಲಿನ ನವವೃದ್ಧಿ’ ಎಂದು ಕರೆಯಬೇಕೆಂದೂ, ಜಾಗರೂಕವಾದ ವೀಕ್ಷಣೆ ಸಾಕೆಂದೂ ಸೂಚಿಸಿದನು. 2018ರಿಂದ ಜಾರಿಗೆ ಬಂದ ಅಮೆರಿಕದ ಜಂಟಿ ಸಮಿತಿಯ ಎಂಟನೆಯ ಆವೃತ್ತಿಯ ಹಂತನಿರ್ಣಯ ಕ್ರಮವು ಅದನ್ನು ಕ್ಯಾನ್ಸರುಗಳ ಪಟ್ಟಿಯಿಂದಲೇ ಕೈಬಿಟ್ಟು ಸೌಮ್ಯ ಸ್ಥಿತಿಯೆಂದು ಪರಿಗಣಿಸಿತು. ಕೋಶಗಳು 1941ರಲ್ಲಿ ಇದ್ದಂತೆಯೇ ಇವೆ; ಬದಲಾದುದು ಅವುಗಳಿಗೆ ಕೊಟ್ಟ ಹೆಸರು, ಮತ್ತು ಆ ಹೆಸರನ್ನು ಹೊತ್ತ ಸ್ತ್ರೀಯರ ಚಿಕಿತ್ಸೆ.

ಅಪಾಯದ ಭಾಷೆ

‘ಐದು ಪಟ್ಟು ಅಪಾಯ’ ಎಂಬ ಮಾತು ಕೇಳುವವರಲ್ಲಿ ‘ಕ್ಯಾನ್ಸರ್ ಖಚಿತ’ ಎಂಬ ಭಾವನೆಯನ್ನು ಹುಟ್ಟಿಸುವ ಸಂಭವವಿದೆ. ಪಟ್ಟು ಎಂಬುದು ಹೋಲಿಕೆಯ ಮಾನ. ಅದು ಯಾವ ಮೂಲಸಂಖ್ಯೆಯ ಪಟ್ಟು ಎಂದು ತಿಳಿಯದೆ ಅರ್ಥವಾಗದು. ಮೇಯೊ ಕ್ಲಿನಿಕ್ಕಿನ ಸಂಶೋಧಕರು 2014ರಲ್ಲಿ ಅಸಹಜ ಕೋಶವೃದ್ಧಿ ಇದ್ದ 698 ಸ್ತ್ರೀಯರ ವಿವರಗಳನ್ನು ಪ್ರಕಟಿಸಿದರು. ಇವರಲ್ಲಿ 143 ಮಂದಿಗೆ ಕ್ಯಾನ್ಸರ್ ಬಂದಿತ್ತು. 25 ವರ್ಷಗಳ ಅವಧಿಯ ಸಂಚಿತ ಅಪಾಯ ಸುಮಾರು ಶೇ. 30. ಅಂದರೆ ಈ ಅತ್ಯಧಿಕ ಅಪಾಯದ ಗುಂಪಿನಲ್ಲಿಯೂ ಕಾಲು ಶತಮಾನದ ಬಳಿಕ ಬಹುಸಂಖ್ಯಾತರು ಕ್ಯಾನ್ಸರಿನಿಂದ ಮುಕ್ತರಾಗಿಯೇ ಇರುತ್ತಾರೆ. ಅದೇ ವೇಳೆಗೆ ಶೇ. 30 ಎಂಬುದು ಅಲಕ್ಷಿಸಬಹುದಾದ ಸಂಖ್ಯೆಯೂ ಅಲ್ಲ.

ಹೀಗೆ ಗುರುತಿಸಲ್ಪಟ್ಟವರಿಗೆ ಈಗ ಸ್ತನಛೇದನಕ್ಕಿಂತ ಸೌಮ್ಯವಾದ ಉಪಾಯಗಳಿವೆ. 1998ರಲ್ಲಿ ಬರ್ನಾರ್ಡ್ ಫಿಶರ್ ಮತ್ತು ಸಂಗಡಿಗರು 13,388 ಸ್ತ್ರೀಯರ ಮೇಲೆ ನಡೆದ ಪ್ರಯೋಗದಲ್ಲಿ ಟಾಮಾಕ್ಸಿಫೆನ್ ಔಷಧವು ಆಕ್ರಮಣಶೀಲ ಸ್ತನ ಕ್ಯಾನ್ಸರನ್ನು ಶೇ. 49ರಷ್ಟು ತಗ್ಗಿಸಿತೆಂದು ವರದಿ ಮಾಡಿದರು. ಅಸಹಜ ಕೋಶವೃದ್ಧಿ ಇದ್ದವರಲ್ಲಿ ಈ ಇಳಿಕೆ ಶೇ. 86. ಗರ್ಭಕೋಶದ ಒಳಪದರದ ಕ್ಯಾನ್ಸರ್ ಮತ್ತು ರಕ್ತ ಹೆಪ್ಪುಗಟ್ಟುವಿಕೆ ಈ ಔಷಧದ ಅಡ್ಡಪರಿಣಾಮಗಳಾದುದರಿಂದ ಅನೇಕರು ಅದನ್ನು ಸ್ವೀಕರಿಸಲು ಹಿಂಜರಿದರು. ಇಟಲಿಯ ಆಂಡ್ರಿಯಾ ಡಿಚೆನ್ಸಿ ಮತ್ತು ಸಂಗಡಿಗರು 2019ರಲ್ಲಿ ಪ್ರಕಟಿಸಿದ 500 ಸ್ತ್ರೀಯರ ಪ್ರಯೋಗದಲ್ಲಿ, ರೂಢಿಯ 20 ಮಿಲಿಗ್ರಾಮಿನ ಬದಲು ಕೇವಲ 5 ಮಿಲಿಗ್ರಾಮನ್ನು ಮೂರು ವರ್ಷ ಕೊಟ್ಟಾಗಲೂ ಅಪಾಯ ಸುಮಾರು ಅರ್ಧಕ್ಕೆ ಇಳಿಯಿತು.

ಅಧ್ಯಯನಗಳ ಮಿತಿ

ಈ ಸಂಖ್ಯೆಗಳನ್ನು ಎಲ್ಲ ದೇಶಗಳ ಸ್ತ್ರೀಯರಿಗೂ ಹಾಗೆಯೇ ಅನ್ವಯಿಸುವಂತಿಲ್ಲ. ನ್ಯಾಶ್‌ವಿಲ್ ಮತ್ತು ಮೇಯೊ ಅಧ್ಯಯನಗಳ ಸ್ತ್ರೀಯರಲ್ಲಿ ಹೆಚ್ಚಿನವರು ಬಿಳಿಯ ಜನಾಂಗದವರು. ಡೆಟ್ರಾಯಿಟಿನಲ್ಲಿ ಆಫ್ರಿಕನ್ ಅಮೆರಿಕನ್ ಸ್ತ್ರೀಯರ ಮೇಲೆ ನಡೆದು 2012ರಲ್ಲಿ ಪ್ರಕಟವಾದ ಅಧ್ಯಯನವೂ ಅಸಹಜ ಕೋಶವೃದ್ಧಿಯಿಂದ ಅಪಾಯ ಹೆಚ್ಚುವುದನ್ನು ಕಂಡಿತು. ಭಾರತದಲ್ಲಿ ಸ್ತನ ಕ್ಯಾನ್ಸರಿನ ಮೂಲಪ್ರಮಾಣ ಅಮೆರಿಕದಕ್ಕಿಂತ ಕಡಿಮೆಯಾದುದರಿಂದ, ಪಟ್ಟುಗಳ ಸಂಖ್ಯೆ ಒಂದೇ ಆಗಿದ್ದರೂ ನೈಜ ಅಪಾಯ ಬೇರೆಯಾಗುತ್ತದೆ. ಆ ಮೂಲಪ್ರಮಾಣವನ್ನು ತಿಳಿಯಲು ಬೆಂಗಳೂರಿನಲ್ಲಿ 1982ರಿಂದ ಜನಸಂಖ್ಯಾಧಾರಿತ ಕ್ಯಾನ್ಸರ್ ನೋಂದಣಿ ನಡೆದುಬಂದಿದೆ. ರಾಷ್ಟ್ರೀಯ ಕ್ಯಾನ್ಸರ್ ನೋಂದಣಿ ಕಾರ್ಯಕ್ರಮದ ಮೊದಲ ಕೇಂದ್ರಗಳಲ್ಲಿ ಮುಂಬಯಿ ಮತ್ತು ಚೆನ್ನೈಗಳ ಜೊತೆ ಬೆಂಗಳೂರೂ ಒಂದು. ಆದರೆ ಇಂತಹ ನೋಂದಣಿಗಳು ಮಾರಕ ರೋಗವನ್ನು ದಾಖಲಿಸುತ್ತವೆ. ಸೌಮ್ಯ ಬಯಾಪ್ಸಿಗಳು ಅವುಗಳ ವ್ಯಾಪ್ತಿಗೆ ಬರುವುದಿಲ್ಲ. ಆಸ್ಪತ್ರೆಗಳ ಹಳೆಯ ಅಂಗಾಂಶ ಪಟ್ಟಿಗಳು ಮತ್ತು ಮೇಣದ ಅಚ್ಚುಗಳು ಉಳಿದಿದ್ದಲ್ಲಿ ಮಾತ್ರ ಅವನ್ನು ನೋಂದಣಿಯ ದಾಖಲೆಗಳೊಡನೆ ಜೋಡಿಸಿ ನ್ಯಾಶ್‌ವಿಲ್ಲಿನಂತಹ ಅಧ್ಯಯನವನ್ನು ಕೈಗೊಳ್ಳಲು ಸಾಧ್ಯ.

ಉಪಸಂಹಾರ

ಒಟ್ಟಿನಲ್ಲಿ, ಸ್ತನದ ಸೌಮ್ಯ ಗಂಟುಗಳ ಚರಿತ್ರೆಯಲ್ಲಿ ಮೂರು ಘಟ್ಟಗಳನ್ನು ಗುರುತಿಸಬಹುದು. ಮೊದಲನೆಯದರಲ್ಲಿ ಬರಿಗಣ್ಣಿನ ವೀಕ್ಷಣೆ ಸೌಮ್ಯವನ್ನು ಮಾರಕದಿಂದ ಬೇರ್ಪಡಿಸಿತು. ಎರಡನೆಯದರಲ್ಲಿ ಸಡಿಲವಾದ ಹೆಸರುಗಳು ಆ ಭೇದವನ್ನು ಮತ್ತೆ ಮಸುಕುಗೊಳಿಸಿ, ಎಲ್ಲ ಗಂಟುಗಳನ್ನೂ ಕ್ಯಾನ್ಸರಿನ ನೆರಳಿಗೆ ತಂದವು. ಮೂರನೆಯದರಲ್ಲಿ ನಿಖರವಾದ ವರ್ಣನೆ, ಕಾಯ್ದಿಟ್ಟ ದಾಖಲೆ ಮತ್ತು ತಾಳ್ಮೆಯ ಅನುಸರಣೆ ಇವು ಕೂಡಿ ಆ ನೆರಳನ್ನು ಅದು ನಿಜವಾಗಿ ಬೀಳುವ ಚಿಕ್ಕ ಗುಂಪಿಗೆ ಸೀಮಿತಗೊಳಿಸಿದವು. ಈ ಸಾಧನೆ ಎರಡು ಬಗೆಯಲ್ಲಿ ಉಪಕಾರಿಯಾಯಿತು: ಬಹುಸಂಖ್ಯಾತ ಸ್ತ್ರೀಯರಿಗೆ ಅನಗತ್ಯವಾದ ಭಯ ಮತ್ತು ಶಸ್ತ್ರದಿಂದ ಬಿಡುಗಡೆ ದೊರೆಯಿತು, ಅಲ್ಪಸಂಖ್ಯಾತರಿಗೆ ಸಕಾಲದ ಎಚ್ಚರಿಕೆ ಮತ್ತು ಔಷಧದ ನೆರವು ದೊರೆಯಿತು. ಗಡಿರೇಖೆಯ ಮೇಲೆ ನಿಂತ ಪ್ರಸಂಗಗಳಲ್ಲಿ ತಜ್ಞರ ಕಣ್ಣುಗಳು ಇಂದಿಗೂ ಭಿನ್ನವಾಗಿ ನೋಡುತ್ತವೆ. ಆದುದರಿಂದ ವರದಿಯಲ್ಲಿ ಬರೆಯುವ ಪ್ರತಿಯೊಂದು ಪದವೂ ಒಬ್ಬ ಸ್ತ್ರೀಯ ಮುಂದಿನ ವರ್ಷಗಳನ್ನು ನಿರ್ಧರಿಸಬಲ್ಲದೆಂಬ ಎಚ್ಚರ ರೋಗಶಾಸ್ತ್ರಜ್ಞನಿಗೆ ಅಗತ್ಯ ಎಂಬುದೇ ಈ ಇತಿಹಾಸದಿಂದ ಹೊರಡುವ ಮುಖ್ಯ ಸಂಗತಿಯಾಗಿದೆ.